ಅಮಾವಾಸ್ಯೆಯ ಸಂಜೆ ಗಿರಣಿ ಓಡಿಸಿದವಳು

ನನ್ನ ಅತ್ತೆ ಒಂದು ನಾಯಿಯ ನಿದ್ದೆಗಾಗಿ ಇಡೀ ಓಣಿಯ ಲಕ್ಷ್ಮಿಯನ್ನು ಓಡಿಸಿದವಳು. ಇದು ನನ್ನ ಆರೋಪವಲ್ಲ, ಓಣಿ ಕೊಟ್ಟ ತೀರ್ಪು. ಎರಡೂ ಕಡೆಯ ವಾದ ಕೇಳದೆ ಕೊಟ್ಟದ್ದು. ಅಂಥ ತೀರ್ಪುಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಾಗಾಗಿ ಅವಳ ಪರವಾಗಿ, ಅವಳ ಅನುಮತಿ ಇಲ್ಲದೆ, ಇದನ್ನು ಬರೆಯುತ್ತಿದ್ದೇನೆ. ಅನುಮತಿ ಕೇಳಿದ್ದರೆ ‘ಮೊದಲ ಆ ಡಬ್ಬಿ ಒಳಗ ಇಡು’ ಎನ್ನುತ್ತಿದ್ದಳು.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾಗಲಿಲ್ಲ, ಅದರ ಬಗ್ಗೆ ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಹುಬ್ಬಳ್ಳಿಯ ವಿದ್ಯಾನಗರದ ಬೆನ್ನಿಗಿರುವ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಕಾನೂನು ಓದುವ ನೆಪದಲ್ಲಿ ನಾನು ಅವಳ ಮನೆ ಸೇರಿ ಮೂರನೆಯ ವರ್ಷ. ಈ ಮೂರು ವರ್ಷದಲ್ಲಿ ನನಗೆ ಅರ್ಥವಾದ ಅವಳ ನಿಯಮ ಇಷ್ಟು: ಮನುಷ್ಯರಿಗೆ ಏಕವಚನ, ನಾಯಿಗೆ ಬಹುವಚನ. ಬ್ಯಾಂಕಿನ ಮ್ಯಾನೇಜರ್ ಖುದ್ದಾಗಿ ಗೋಧಿ ತಂದರೂ ‘ಏ, ಅಲ್ಲೇ ಇಡೋ, ನಾಳೆ ಬಾ’ ಎನ್ನುತ್ತಾಳೆ. ಅದೇ ಉಸಿರಿನಲ್ಲಿ ಕಾಲಡಿ ಮಲಗಿದ ನಾಯಿಯತ್ತ ಬಾಗಿ, ‘ಮಾಸ್ತರ್ರ, ಚೂರು ಸರಕೋರಿ, ತುಳದೇನು’ ಎನ್ನುತ್ತಾಳೆ.

“ಇದ್ಯಾವ ನ್ಯಾಯ ಅತ್ತಿ? ಮನಷ್ಯಾಗ ಇಲ್ಲದ ಮರ್ಯಾದಿ ನಾಯಿಗ್ಯಾಕ?” ಎಂದು ಒಮ್ಮೆ ಕೇಳಿದ್ದೆ.

“ಅವರು ಒಂದ ದಿನಾನೂ ಹಿಟ್ಟು ದಪ್ಪ ಆತಂತ ವಾಪಸ್ ತಂದಿಲ್ಲ ಬೇ. ಮರ್ಯಾದಿ ಗಳಿಸ್ಯಾರ.”

ಮಾಸ್ತರ ಎಂಬುದು ನಾಯಿಯ ಹೆಸರು. ತಳಿ ಕೇಳಬೇಡಿ, ಓಣಿಯ ತಳಿ. ಒಂದು ಕಿವಿ ನಿಂತಿದೆ, ಇನ್ನೊಂದು ಮಡಚಿದೆ. ಹತ್ತು ವರ್ಷಗಳ ಹಿಂದೆ ಗಿರಣಿಯ ಗೋಣಿಚೀಲಗಳ ಸಂದಿಯಲ್ಲಿ ಯಾವುದೋ ನಾಯಿ ಈದು ಹೋದ ಮರಿಗಳಲ್ಲಿ ಉಳಿದದ್ದು ಇವನೊಬ್ಬ. ಬಾಗಿಲಲ್ಲಿ ಕೂತು, ಡಬ್ಬಿ ಹಿಡಿದು ಬಂದವರನ್ನೆಲ್ಲ ಮನೆಪಾಠ ಮಾಡಿಕೊಂಡು ಬಂದಿಲ್ಲ ಎಂಬಂತೆ ಮೇಲಿಂದ ಕೆಳಗೆ ನೋಡುವುದನ್ನು ಕಂಡು ಅತ್ತೆ ಆ ಹೆಸರಿಟ್ಟಳು.

ಆದರೆ ಪಟಾಕಿ ಹಾರಿತೆಂದರೆ ಮಾಸ್ತರ ಮಾಸ್ತರನಾಗಿ ಉಳಿಯುವುದಿಲ್ಲ. ಬಾಲ ಹೊಟ್ಟೆಯಡಿ ಸೇರುತ್ತದೆ. ಬಾಯಿಂದ ಜೊಲ್ಲು ಇಳಿಯುತ್ತದೆ. ಗೋಡೆಯೊಳಗೆ ಹೋಗಿಬಿಡಬಹುದೇನೋ ಎಂಬಂತೆ ಉಗುರು ಒಡೆದು ರಕ್ತ ಬರುವತನಕ ಗೋಡೆ ಕೆರೆಯುತ್ತಾನೆ. ಇದನ್ನು ಹೇಳಿದರೆ ಜನ ನಗುತ್ತಾರೆ. ‘ವರ್ಷಕ್ಕ ಮೂರು ದಿನ ಅಲ್ಲೇನವಾ, ರೂಢಿ ಆಗತೇತಿ’ ಎನ್ನುತ್ತಾರೆ. ಮೂರೇ ದಿನವಂತೆ. ಗಣಪತಿ ಕೂರಿಸುವಾಗ ಒಂದು ಕಂತು, ಕಳಿಸುವಾಗ ಇನ್ನೊಂದು, ಕ್ರಿಕೆಟ್ ಗೆದ್ದರೆ ಒಂದು, ಯಾರೋ ವಾರ್ಡಿಗೆ ಆರಿಸಿ ಬಂದರೆ ಇನ್ನೊಂದು. ಇವು ಯಾವ ಮೂರು ದಿನದ ಲೆಕ್ಕದಲ್ಲಿವೆ? ಆಯಿತು, ಮೂರೇ ಎಂದು ಒಪ್ಪೋಣ. ಆ ಮೂರು ದಿನ ನಿಮ್ಮ ಮನೆಯ ಸುತ್ತ ಏನೋ ಸಿಡಿಯುತ್ತಲೇ ಇದೆ, ಏನದು ಎಂದು ನಿಮಗೆ ತಿಳಿಯುವ ಭಾಷೆಯಲ್ಲಿ ಯಾರೂ ಹೇಳುತ್ತಿಲ್ಲ, ಎಂದು ನಿಲ್ಲುತ್ತದೆ ಎಂಬುದೂ ಗೊತ್ತಿಲ್ಲ. ನಾಲ್ಕನೆಯ ದಿನ ನೀವು ರೂಢಿಯಾಗಿ ಚಹಾ ಕುಡಿಯುತ್ತೀರಾ? ಈ ಪ್ರಶ್ನೆಗೆ ಇಂದಿನವರೆಗೆ ನನಗೆ ಉತ್ತರ ಸಿಕ್ಕಿಲ್ಲ. ‘ಭಾಳ ಮಾತಾಡತಿ’ ಎಂಬುದು ಉತ್ತರವಲ್ಲ.

ಹೋದ ವರ್ಷದ ಸಂಗತಿ ಹೇಳಲು ನನಗೆ ಮನಸ್ಸಿಲ್ಲ, ಆದರೂ ಹೇಳಬೇಕು. ಅಲ್ಲಿಯವರೆಗೆ ಅತ್ತೆಯ ಪದ್ಧತಿ ಸರಳವಾಗಿತ್ತು. ದೀಪಾವಳಿ ಬಂದರೆ ಮಾಸ್ತರನನ್ನು ಒಳಕೋಣೆಯ ಮಂಚದ ಕಾಲಿಗೆ ಸರಪಳಿಯಿಂದ ಕಟ್ಟುವುದು. ನಾನು ಇದನ್ನು ಖಂಡಿಸಿದೆ. ಅಂಶವಾರು ಖಂಡಿಸಿದೆ. ಒಂದು, ಕಟ್ಟಿಹಾಕಿದರೆ ಭಯ ಹೆಚ್ಚುತ್ತದೆ. ಎರಡು, ಪ್ರಾಣಿಗೆ ತಾನೇ ಅಡಗುವ ಜಾಗ ಹುಡುಕಿಕೊಳ್ಳುವ ಅವಕಾಶ ಇರಬೇಕು. ಮೂರು, ಸರಪಳಿ ಕುತ್ತಿಗೆಗೆ ಬಿಗಿದು ಉಸಿರು ಕಟ್ಟಬಹುದು. ಅತ್ತೆ ಜೋಳ ಸೋಸುತ್ತ ಪೂರ್ತಿ ಕೇಳಿದಳು. ಕೊನೆಗೆ, “ಆತು ಬೇ, ನೀ ಅನ್ನೂದು ಖರೇ ಇರಬಹುದು” ಎಂದಳು. ಅವಳು ನನ್ನ ವಾದವೊಂದನ್ನು ಒಪ್ಪಿದ್ದು ಅದೇ ಮೊದಲು. ನಾನು ಹೆಮ್ಮೆಯಿಂದ ಹೋಗಿ ಸರಪಳಿ ಬಿಚ್ಚಿದೆ.

ಮೂರೂ ಅಂಶ ಈಗಲೂ ಸರಿ. ಹಿತ್ತಲ ಬಾಗಿಲಿಗೆ ಚಿಲಕ ಹಾಕಬೇಕೆಂಬ ನಾಲ್ಕನೆಯ ಅಂಶ ನನಗೆ ಹೊಳೆದಿರಲಿಲ್ಲ, ಅಷ್ಟೆ. ಮೊದಲ ಸುತಳಿ ಬಾಂಬಿಗೆ ಮಾಸ್ತರ ಹಿತ್ತಲಿಂದ ಹೊರಬಿದ್ದವನು ಮೂರು ದಿನ ಸಿಗಲಿಲ್ಲ. ಸಿಕ್ಕಾಗ ಗಬ್ಬೂರಿನ ಬೈಪಾಸ್ ಹತ್ತಿರ, ನಿಂತ ಲಾರಿಯೊಂದರ ಕೆಳಗಿದ್ದ. ನಮ್ಮ ಪಕ್ಕದ ಗ್ಯಾರೇಜಿನ ಚಾಚಾ ಕೆಟ್ಟ ಗಾಡಿ ನೋಡಲು ಹೋದಾಗ ಗುರುತು ಹಿಡಿದು ಎತ್ತಿಕೊಂಡು ಬಂದರು. ಹಿಂಗಾಲು ಜಜ್ಜಿಹೋಗಿತ್ತು. ಪ್ರಾಣಿವೈದ್ಯರು ಕಾಲು ಉಳಿಸಿದರು, ಎದೆಗೆ ಯಂತ್ರ ಹಚ್ಚಿ ಕೇಳಿದರು. “ಎದಿ ಗಟ್ಟಿ ಇಲ್ಲರಿ. ಇನ್ನೊಮ್ಮೆ ಹಿಂಗ ಹೆದರಿ ಓಡಿದ್ರ ನನ್ನ ಕಡೆ ತರೂದೇನೂ ಉಳಿಯೂದಿಲ್ಲ” ಎಂದರು.

ಅತ್ತೆ ನನಗೆ ಏನೂ ಅನ್ನಲಿಲ್ಲ. ಅದೇ ಸಮಸ್ಯೆ. ಅಂದಿದ್ದರೆ ಉತ್ತರ ಕೊಡಬಹುದಿತ್ತು.

ಈ ವರ್ಷ ಅವಳು ಶ್ರಾವಣದಿಂದಲೇ ಸಿದ್ಧತೆಗಿಳಿದಳು. ಮೊದಲನೆಯದು ಕುಂಚಿಗಿ. ನಮ್ಮ ಕಡೆ ಕೂಸುಗಳ ತಲೆಗೆ, ಬೆನ್ನಿಗೆ ಸೇರಿಸಿ ತೊಡಿಸುತ್ತಾರಲ್ಲ, ಖಣದ ಬಟ್ಟೆಯದು, ಅದೇ. ಕಿವಿಗೆ ಹತ್ತಿ ಇಟ್ಟರೆ ಉಳಿಯುವುದಿಲ್ಲ, ಕುಂಚಿಗಿ ಕಟ್ಟಿದರೆ ಕಿವಿ ಮುಚ್ಚುತ್ತದೆ ಎಂಬುದು ಅವಳ ಸಿದ್ಧಾಂತ. ಕೆಂಪು ಅಂಚಿನ ಹಸಿರು ಕುಂಚಿಗಿ ತೊಟ್ಟು ಮಾಸ್ತರ ಗಿರಣಿಯ ಬಾಗಿಲಲ್ಲಿ ಕೂತ ದಿನ ಓಣಿಯ ಹೆಂಗಸರು ಒಂದೇ ಸಮನೆ ಹಿಟ್ಟು ಖಾಲಿಯಾಗಿದೆ ಎಂದು ಬಂದರು. ಒಬ್ಬಾಕೆ ‘ಯಾವಾಗ್ರೀ ತೊಟ್ಟಲಾ?’ ಎಂದು ಕೇಳಿದಳು. ಅತ್ತೆ ಆಕೆಯ ಡಬ್ಬಿಯನ್ನು ಸಾಲಿನ ಕೊನೆಗೆ ಸರಿಸಿದಳು. ಅರ್ಧ ತಾಸಿನಲ್ಲಿ ಮಾಸ್ತರ ಕುಂಚಿಗಿಯ ಕಟ್ಟುದಾರ, ಆ ಕಸಿಯನ್ನು ಕಡಿದು, ಅದರ ಮೇಲೆಯೇ ಮಲಗಿದ.

ಎರಡನೆಯದು ಕೊರಳ ಬಿಲ್ಲೆ. ಓಡಿಹೋದರೂ ಕಂಡವರು ಫೋನ್ ಮಾಡುವಂತಿರಬೇಕು ಎಂದು ನಾನೇ ಹೇಳಿದ್ದೆ. ಅತ್ತೆ ಸ್ಟೀಲಿನ ಸಣ್ಣ ತಟ್ಟೆಯೊಂದನ್ನು ಪಾತ್ರೆ ಅಂಗಡಿಗೆ ಒಯ್ದು, ಪಾತ್ರೆಗೆ ಹೆಸರು ಕೊರೆಯುವವನ ಮುಂದಿಟ್ಟು, “ಮಾಸ್ತರ ಅಂತ ಹಾಕು, ಕೆಳಗ ನನ್ನ ಹೆಸರು, ನಂಬರ ಹಾಕು” ಎಂದು ಹೇಳಿ ತರಕಾರಿ ತರಲು ಹೋದಳು. ಜೀವಮಾನವೆಲ್ಲ ಮದುವೆಯ ತಂಬಿಗೆಗಳಿಗೆ ಹೆಸರು ಕೊರೆದ ಕೈ ಅದು. ತಿರುಗಿ ಬರುವಷ್ಟರಲ್ಲಿ ಚಿತ್ತಾರದ ಅಂಚಿನೊಳಗೆ ‘ಚಿ. ಮಾಸ್ತರ ಇವರ ವಿವಾಹದ ಸವಿನೆನಪಿಗಾಗಿ’ ಎಂದು ಕೊರೆದು, ಕೆಳಗೆ ಅತ್ತೆಯ ಹೆಸರು ಹಾಕಿ, ನಂಬರಿಗೆ ಜಾಗ ಉಳಿಸದೆ ಕೂತಿದ್ದ. ನಂಬರನ್ನು ಹಿಂಬದಿಗೆ ಹಾಕಿಸಿದ್ದಾಯಿತು. ಮಾಸ್ತರ ಈಗಲೂ ಅದನ್ನೇ ಧರಿಸುತ್ತಾನೆ. ಓಡಿಹೋದರೆ ಸಿಕ್ಕವರು ಮೊದಲು ವಧುವನ್ನು ಹುಡುಕುತ್ತಾರೆ.

ಮೂರನೆಯದು ವೈದ್ಯರ ಸಲಹೆ. ಪಟಾಕಿಯ ಸದ್ದನ್ನು ಮೊಬೈಲಿನಲ್ಲಿ ಮೆಲ್ಲಗೆ ಕೇಳಿಸಿ, ಜೊತೆಗೆ ತಿನ್ನಲು ಏನಾದರೂ ಕೊಡಬೇಕು, ದಿನದಿಂದ ದಿನಕ್ಕೆ ಸದ್ದು ಹೆಚ್ಚಿಸಬೇಕು. ಸಲಹೆ ಸರಿಯಾಗಿತ್ತು, ಶಿಷ್ಯೆ ಅತಿಯಾದಳು. ಅತ್ತೆ ಒಂದು ‘ಢಂ’ಗೆ ಒಂದು ಬಿಸ್ಕೀಟು ಎಂದು ನಿಶ್ಚಯಿಸಿದಳು. ಗಣಪತಿಯ ಐದನೆಯ ದಿನ ಓಣಿಯ ತುದಿಯಲ್ಲಿ ಖರೇ ಪಟಾಕಿ ಹಾರಿದಾಗ ಮಾಸ್ತರ ನಡುಗುತ್ತಲೇ ಬಿಸ್ಕೀಟಿನ ಡಬ್ಬಿಯ ಮುಂದೆ ಬಂದು ಕೂತ. ಒಂದು ಕೊಟ್ಟಳು. ಇನ್ನೊಂದು ಢಂ, ಇನ್ನೊಂದು ಬಿಸ್ಕೀಟು. ಆಮೇಲೆ ಯಾರೋ ಸರಪಟಾಕಿಗೆ ಬೆಂಕಿ ಇಟ್ಟರು. ಅತ್ತೆ ಆಡಿದ ಮಾತಿಗೆ ತಪ್ಪುವವಳಲ್ಲ. ಆ ರಾತ್ರಿ ಮಾಸ್ತರ ಕಾರಿಕೊಂಡದ್ದನ್ನು ಬಳಿದವಳು ನಾನು.

ನಾಲ್ಕನೆಯ ಪ್ರಯತ್ನ ನನ್ನದು: ಮಾತು. ನಮ್ಮ ಎದುರಿಗೆ ಕಿರಾಣಿ ಅಂಗಡಿ. ಅಂಗಡಿಯ ಕಾಕಾ ಓಣಿಯಲ್ಲೇ ಅತಿ ಉದ್ದದ ಸರಪಟಾಕಿ ತರುವವರು. ಲಕ್ಷ್ಮೀಪೂಜೆ ಮುಗಿದ ಮೇಲೆ ಅಂಗಡಿಯ ಮೆಟ್ಟಿಲಿಂದ ನಮ್ಮ ಗಿರಣಿಯ ಕಟ್ಟೆಯವರೆಗೆ ಹಾಸಿ ಹಚ್ಚುತ್ತಾರೆ.

“ಕಾಕಾ, ಈ ಸಲ ಸದ್ದಿಲ್ಲದ್ದು ಹಚ್ಚರಿ. ಸುರಸುರಬತ್ತಿ ಐತಿ, ಹೂಕುಂಡ ಐತಿ.”

“ಅವು ಹುಡುಗೂರಿಗೆ, ತಂಗಿ. ಲಕ್ಷ್ಮಿ ಬರೂ ಹೊತ್ನ್ಯಾಗ ಸಪ್ಪಳ ಆಗಬೇಕು.”

“ಯಾಕ್ರಿ, ಲಕ್ಷ್ಮಿಗೆ ಕಿವಿ ಮಂದ ಏನ್ರಿ?”

ಕಾಕಾ ಸಕ್ಕರೆ ತೂಗುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. “ನಿನಗ ದೇವರ ಮ್ಯಾಲ ನಂಬಿಗಿಲ್ಲ, ಆತಲ್ಲ. ನಮಗ ಐತಿ.”

“ನಂಬಿಗಿ ಇರಲ್ರಿ. ಸಪ್ಪಳಕ್ಕ ಲಕ್ಷ್ಮಿ ಬರತಾಳಂದ್ರ ಈ ಊರಾಗ ಎಲ್ಲಾರಿಗಿಂತ ಶ್ರೀಮಂತ ನಮ್ಮ ಅತ್ತಿ ಇರಬೇಕಾಗಿತ್ತು. ವರ್ಷಾನಗಟ್ಲೆ ಗಿರಣಿ ಗಡಗಡ ಅನ್ನಾಕತ್ತೇತಿ.”

ಅಂಗಡಿಯಲ್ಲಿದ್ದವರು ನಕ್ಕರು. ನಾನು ಗೆದ್ದೆ. ಮರುದಿನ ಕಾಕಾ ಹೋದ ವರ್ಷದ್ದಕ್ಕಿಂತ ಎರಡು ಪಟ್ಟು ಉದ್ದದ ಸರ ತರಿಸಿದರು. ಗೆಲ್ಲುವುದಕ್ಕೂ ಕೆಲಸ ಆಗುವುದಕ್ಕೂ ಸಂಬಂಧವಿಲ್ಲ ಎಂಬುದನ್ನು ಚರ್ಚಾಸ್ಪರ್ಧೆಯ ತೀರ್ಪುಗಾರರು ಯಾಕೆ ಮೊದಲೇ ಹೇಳಿಕೊಡುವುದಿಲ್ಲ?

ದಾರಿ ಸಿಕ್ಕದ್ದು ಗಣಪತಿಯ ಹನ್ನೊಂದನೆಯ ದಿನ. ಅಂದು ಸಂಜೆ ಬೀಸುವ ಕೆಲಸ ಮಿಕ್ಕು ಗಿರಣಿ ಓಡುತ್ತಲೇ ಇತ್ತು. ಮೆರವಣಿಗೆ ಓಣಿಯ ಬಾಯಿಗೇ ಬಂದು ಪಟಾಕಿ ಸುರಿಯಿತು. ನಾನು ಓಡಿ ಬಾಗಿಲು ಹಾಕಿ ತಿರುಗಿ ನೋಡಿದರೆ ಮಾಸ್ತರ ಬೆಲ್ಟಿನ ಪಕ್ಕದ ಗೋಣಿಯ ಮೇಲೆ ಅಂಗಾತ ಮಲಗಿ, ನಾಲ್ಕೂ ಕಾಲು ಮೇಲೆತ್ತಿ ನಿದ್ದೆ ಹೊಡೆಯುತ್ತಿದ್ದ.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಇವರು ಹುಟ್ಟಿದ್ದ ಈ ಸಪ್ಪಳದಾಗ ಬೇ. ಇದು ಇವರಿಗೆ ಜೋಗುಳ.”

“ಒಂದ ಸಲ ಆದದ್ದು ಪುರಾವೆ ಅಲ್ಲ ಅತ್ತಿ” ಎಂದೆ. ಬಾಯಿ ಸುಮ್ಮನಿರಬೇಕಲ್ಲ.

ಅವಳು ಗುಂಡಿ ಒತ್ತಿ ಗಿರಣಿ ನಿಲ್ಲಿಸಿದಳು. ಹೊರಗೆ ಢಂ. ಮಾಸ್ತರ ನೆಗೆದೆದ್ದು ಗೋಡೆಗಂಟಿದ. ಮತ್ತೆ ಚಾಲೂ ಮಾಡಿದಳು. ಸ್ವಲ್ಪ ಹೊತ್ತಿನಲ್ಲಿ ಬಂದು ಮಲಗಿದ. ಹೀಗೆ ಮೂರು ಸಲ. ಆಗ ಬೀಸುತ್ತಿದ್ದದ್ದು ಬ್ಯಾಂಕಿನ ಮ್ಯಾನೇಜರರ ಗೋಧಿ. ಮನೆಗೆ ಹೋಗಿ ನೋಡಿದಾಗ ಒಂದೇ ಡಬ್ಬಿಯಲ್ಲಿ ಹಿಟ್ಟು, ರವೆ, ನುಚ್ಚು ಮೂರೂ ಸಿಕ್ಕವಂತೆ. ಅವರು ತಕರಾರು ತಂದಾಗ ಅತ್ತೆ, “ಒಂದರ ಕೆಲಸದಾಗ ಮೂರು ಸಿಕ್ಕಾವ, ನಡಿ” ಎಂದು ಕಳಿಸಿದಳು.

ಹಾಗಾದರೆ ದೀಪಾವಳಿಗೆ ಗಿರಣಿ ಓಡಿಸಿದರಾಯಿತು. ಎಷ್ಟು ಸುಲಭ! ಸುಲಭವಲ್ಲ. ನಮ್ಮ ಓಣಿಯಲ್ಲಿ ದೀಪಾವಳಿ ಅಮಾವಾಸ್ಯೆಯ ದಿನ ಲಕ್ಷ್ಮೀಪೂಜೆ ಮಾಡಿದ ಮೇಲೆ ಯಾವ ಯಂತ್ರವನ್ನೂ ಮುಟ್ಟುವುದಿಲ್ಲ. ತಕ್ಕಡಿಗೆ, ಹೊಲಿಗೆ ಯಂತ್ರಕ್ಕೆ, ಗಿರಣಿಗೆ ಹೂವು ಏರಿಸಿ, ಕುಂಕುಮ ಹಚ್ಚಿ ಬಿಟ್ಟರೆ ಮರುದಿನ ಪಾಡ್ಯದ ಬೆಳಗಿನವರೆಗೆ ಲಕ್ಷ್ಮಿ ಅದರ ಮೇಲೆ ಕೂತಿರುತ್ತಾಳೆ. ಚಾಲೂ ಮಾಡಿದರೆ ಎದ್ದು ಹೋಗುತ್ತಾಳೆ, ಹೋಗುವಾಗ ಅಕ್ಕಪಕ್ಕದವರ ಲಕ್ಷ್ಮಿಯನ್ನೂ ಕರೆದೊಯ್ಯುತ್ತಾಳೆ. ನನಗೆ ಇದರಲ್ಲಿ ನಂಬಿಕೆ ಇಲ್ಲ. ಆದರೆ ಅತ್ತೆಗೆ ಇದೆ, ಇದನ್ನು ಮರೆಯಬೇಡಿ. ಗಿರಣಿಗೆ ಕೈಮುಗಿಯದೆ ಗುಂಡಿ ಒತ್ತಿದವಳಲ್ಲ ಅವಳು. ಹಬ್ಬ ಹತ್ತಿರವಾದಾಗ ನಾಲ್ಕು ದಿನ ಅವಳು ಸರಿಯಾಗಿ ಉಣ್ಣಲಿಲ್ಲ. ಐದನೆಯ ದಿನ ಬೆಳಿಗ್ಗೆ ಬಾಗಿಲಿಗೆ ಸುಣ್ಣದ ಕಡ್ಡಿಯಿಂದ ಬರೆದಳು: ‘ಅಮಾಸಿ ಸಂಜೀಕ ಗಿರಣಿ ಚಾಲೂ ಇರತೈತಿ. ರೊಕ್ಕ ಇಲ್ಲ.’

ರೊಕ್ಕ ಇಲ್ಲ ಎಂದು ಬರೆದದ್ದಕ್ಕೆ ಕಾರಣವಿದೆ. ಕಲ್ಲುಗಳ ನಡುವೆ ಕಾಳಿಲ್ಲದೆ ಗಿರಣಿ ಓಡಿಸಿದರೆ ಕಲ್ಲಿಗೆ ಕಲ್ಲು ತಿಕ್ಕಿ ಹಾಳಾಗುತ್ತವೆ. ಪಟಾಕಿ ನಿಲ್ಲುವತನಕ ಓಡಬೇಕೆಂದರೆ ಚೀಲಗಟ್ಟಲೆ ಕಾಳು ಬೇಕು. ಪುಕ್ಕಟೆ ಎಂದರೂ ಅಮಾವಾಸ್ಯೆಯಂದು ಯಾರು ತರುತ್ತಾರೆ? ಯಾರೂ ತರಲಿಲ್ಲ. ಬದಲಿಗೆ, ಎರಡು ಮನೆಯವರು ಬೀಸಲು ಕೊಟ್ಟಿದ್ದ ಜೋಳವನ್ನೂ ವಾಪಸ್ ಒಯ್ದರು.

ಅಮಾವಾಸ್ಯೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾಸ್ತರನಿಗೆ ಬೇಗನೆ ಉಣಿಸಿ, ಹೊರಗೆ ತಿರುಗಿಸಿ ತಂದಿದ್ದೆ. ಕಿಟಕಿಗಳಿಗೆ ಗೋಣಿ ಕಟ್ಟಿದೆವು. ಹಿತ್ತಲ ಬಾಗಿಲಿನ ಚಿಲಕವನ್ನು ನಾನು ಮೂರು ಸಲ ಹೋಗಿ ನೋಡಿ ಬಂದೆ. ಅತ್ತೆ ಗಿರಣಿಗೆ ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದು, ಬಹಳ ಹೊತ್ತು ಕೈಮುಗಿದು ನಿಂತಳು. ಆಮೇಲೆ ಗಟ್ಟಿಯಾಗಿ, “ಹೋಗೂದಿದ್ರ ಹೋಗವಾ ತಾಯಿ. ಇರೂದಿದ್ರ ಇವರ ಸಂಗಾಟ ಇಲ್ಲೇ ಮಲಕೋ” ಎಂದು ಗುಂಡಿ ಒತ್ತಿದಳು. ಮಾಲೆಯ ತುದಿ ಬೆಲ್ಟಿಗೆ ಸಿಕ್ಕಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇಡೀ ಮಾಲೆ ಚಿಂದಿಯಾಗಿ, ಹಳದಿ ಪಕಳೆಗಳು ನನ್ನ ಮೇಲೆ, ಅವಳ ಮೇಲೆ, ಮಾಸ್ತರನ ಮೇಲೆ ಸುರಿದವು. ಅತ್ತೆಯ ಮುಖ ಬಿಳುಪೇರಿತು. ಮಾಸ್ತರ ಮೂಗಿನ ಮೇಲಿನ ಪಕಳೆಯನ್ನು ನೆಕ್ಕಿ ನುಂಗಿ ಮಲಗಿದ. ಅತ್ತೆ ಉಸಿರುಬಿಟ್ಟಳು.

ಮನೆಯ ಜೋಳ ಮುಗಿಯುತ್ತ ಬಂದಾಗ ಬಾಗಿಲು ಬಡಿದದ್ದು ಗ್ಯಾರೇಜಿನ ಚಾಚಾನ ಹೆಂಡತಿ ಚಾಚಿ. ತಲೆಯ ಮೇಲೆ ಅರ್ಧ ಚೀಲ ಜೋಳ, ಕೈಯಲ್ಲಿ ಗೋಧಿಯ ಡಬ್ಬಿ. “ನಮಗ ಅಮಾಸಿ ನಡದೀತ್ರಿ ಅಕ್ಕಾರ. ಇನ್ನೂ ಐತಿ, ಅವರು ಸೈಕಲ್ ಮ್ಯಾಲ ತರಾಕತ್ತಾರ” ಎಂದರು.

“ಇಷ್ಟ್ ಹಿಟ್ಟು ಏನ ಮಾಡತಿ? ಹುಳಾ ಬೀಳತಾವ” ಎಂದಳು ಅತ್ತೆ.

“ಬೀಳಲಿ ಬಿಡ್ರಿ” ಎಂದರು ಚಾಚಿ.

ಎದುರಿನ ಸರಪಟಾಕಿಗೆ ಬೆಂಕಿ ಬಿದ್ದದ್ದು ಆಗಲೇ. ಮುಗಿಯದ ಸರ ಅದು. ಗೋಡೆಗಳು ಅದುರಿದವು. ಮಾಸ್ತರನ ನಿಂತ ಕಿವಿ ಒಮ್ಮೆ ಅಲುಗಿತು, ಅಷ್ಟೆ. ಆ ಗದ್ದಲದಲ್ಲಿ, ಬೆನ್ನು ಮಾಡಿ ಕಾಳು ಸುರಿಯುತ್ತಿದ್ದ ಅತ್ತೆ, “ಆಕಳಿಸಿದ್ರು ನೋಡು” ಎಂದಳು. ತಿರುಗಿ ನೋಡಿದರೆ ಹೌದು, ಆಕಳಿಸಿದವನ ಬಾಯಿ ಇನ್ನೂ ಮುಚ್ಚುತ್ತಿತ್ತು. ವರ್ಷಗಟ್ಟಲೆ ಗಿರಣಿಯ ಸದ್ದಿನೊಳಗೆ ನಿಂತವಳಿಗೆ ಅದರಾಚೆಯದೆಲ್ಲ ಕೇಳುತ್ತದೆ.

ಸರ ಮುಗಿದ ಮೇಲೆ ಕಾಕಾ ಬಾಗಿಲಿಗೆ ಬಂದರು. ನಾನು ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ. ಸಿದ್ಧವಾಗಿದ್ದೆ. ಪದ್ಧತಿ ಎಂದರೆ ಇದು, ಕಾನೂನು ಎಂದರೆ ಇದು, ಎಲ್ಲ ನಾಲಗೆಯ ತುದಿಯಲ್ಲಿತ್ತು.

“ಲಕ್ಷ್ಮಿ ಕೂಡೂ ಹೊತ್ನ್ಯಾಗ ಗಿರಣಿ ಹಚ್ಚಿ ಓಣಿಗೆಲ್ಲಾ ಕೇಡು ತರಾಕತ್ತಾಳ ನಿಮ್ಮತ್ತಿ. ಒಂದ ನಾಯಿ ಸಲುವಾಗಿ.”

“ನಾಯಿ ಸತ್ರ ನೀವು ತಂದ ಕೊಡತೀರೇನ್ರಿ ಕಾಕಾ?”

“ಸಾಯೂದು ನಮ್ಮ ಪಟಾಕಿಗೇನು? ಹ್ವಾದ ವರ್ಷ ಸರಪಳಿ ಬಿಚ್ಚಿ, ಬಾಗಲಾ ತೆರದಿಟ್ಟಾಕಿ ಯಾರು? ನಿಮ್ಮತ್ತೀನ. ನಮ್ಮ ಅಂಗಡ್ಯಾಗ ನಿಂತು ನಾಕು ಮಂದಿ ಮುಂದ ತಾನ ಹೇಳ್ಯಾಳ, ನನ್ನ ಕೈಯಾರ ಬಿಚ್ಚಿದೆ, ನನಗ ಬುದ್ಧಿ ಇರಲಿಲ್ಲ ಅಂತ. ಈಗ ಊರಿಗೆ ಬುದ್ಧಿ ಹೇಳಾಕ ಕುಂತಾಳ.”

ಬಾಗಿಲ ಸಂದಿಯಿಂದ ಒಳಗೆ, ಅತ್ತೆಯ ಬೆನ್ನನ್ನು ನೋಡಿದೆ.

ಯಾರ ತಪ್ಪಿಗೂ ತಲೆ ಕೊಡದವಳು, ಹಿಟ್ಟು ದಪ್ಪವಾಯಿತೆಂದರೆ ‘ನಿನ್ನ ಗೋಧಿ ಕೆಟ್ಟದ್ದು’ ಎನ್ನುವವಳು, ಇಡೀ ಒಂದು ವರ್ಷ ಓಣಿಯವರ ಕಣ್ಣಲ್ಲಿ ತನ್ನ ನಾಯಿಯನ್ನು ತಾನೇ ಕೊಲ್ಲಲು ಹೊರಟವಳಾಗಿ ತಿರುಗಿದ್ದಳು. ನನಗೆ ಒಂದು ಮಾತೂ ಗೊತ್ತಾಗಗೊಡದೆ.

“ಬಿಚ್ಚಿದಾಕಿ ನಾನರಿ ಕಾಕಾ” ಎಂದೆ. “ಚಿಲಕಾ ಹಾಕದಾಕೀನೂ ನಾನು.”

ಕಾಕಾ ತಿರುಗಿ ಅಂಗಡಿಗೆ ನಡೆದರು. ಇನ್ನೊಂದು ಸರ ಉಳಿದಿತ್ತಂತೆ. ಅದನ್ನು ಹಚ್ಚಿಯೇ ಹಚ್ಚಿದರು, ಓಣಿಯ ಆ ತುದಿಗೆ ಒಯ್ದು ಹಚ್ಚಿದರು. ಅದಕ್ಕಾಗಿ ಅವರನ್ನು ಹೊಗಳಲು ನಾನು ತಯಾರಿಲ್ಲ.

ಒಳಗೆ ಹೋದೆ. ಚಾಚಿ ಗೋಣಿ ಹಿಡಿದು ನಿಂತಿದ್ದರು. ಅತ್ತೆಯ ತಲೆಗೂದಲು, ಹುಬ್ಬು, ಎಲ್ಲ ಹಿಟ್ಟು. ಮಾಸ್ತರ ಅವಳ ಪಾದದ ಮೇಲೆ ಗದ್ದವಿಟ್ಟಿದ್ದರಿಂದ ಅವಳು ಕಾಲು ಕದಲಿಸದೆ, ಸೊಂಟದಿಂದಷ್ಟೇ ತಿರುಗಿ ಕೆಲಸ ಮಾಡುತ್ತಿದ್ದಳು. ಎಷ್ಟು ಹೊತ್ತಿಂದಲೋ.

ನಾನು ಅವಳ ಹತ್ತಿರ ಹೋಗಿ ನಿಂತೆ. “ಅತ್ತೀ, ಹ್ವಾದ ವರ್ಷ ನಂದ ತಪ್ಪು” ಎಂದೆ. ಕೂಗಲಿಲ್ಲ.

“ಏನೂ ಕೇಳವಲ್ದು ಬೇ” ಎಂದಳು ಅತ್ತೆ, ನನ್ನತ್ತ ನೋಡದೆ. “ಗಿರಣಿ ಸಪ್ಪಳ ಭಾಳ ಐತಿ. ಜೋಳಾ ಹಾಕು.”

ಜೋಳ ಹಾಕಿದೆ.